ಹಿಂದೆ ಹಿಡಿಯುವವರ ನಾಲ್ಕು ದಿನ

ಭಜನೆಯಲ್ಲಿ ಒಬ್ಬರು ಸೊಲ್ಲು, ಅಂದರೆ ಪದದ ಸಾಲು, ಹೇಳುತ್ತಾರೆ, ಉಳಿದವರು ಅದನ್ನೇ ಮರಳಿ ಹಾಡಿ ಹಿಂದೆ ಹಿಡಿಯುತ್ತಾರೆ. ಬಾಗಲಕೋಟೆಯ ನಮ್ಮ ಮಂಡಳಿಯಲ್ಲಿ ನಾನು 14 ವರ್ಷಗಳಿಂದ ಹಿಂದೆ ಹಿಡಿಯುವವಳು. ಸೊಲ್ಲು ಹೇಳುವವರು ದೊಡ್ಡಕ್ಕ. ಎಪ್ಪತ್ತು ದಾಟಿದ್ದಾರೆ, ನೆರಳಿನಲ್ಲಿ ಒಣಗಿಸಿದ ತೆಂಗಿನ ನಾರಿನಂತೆ ಒರಟಾಗಿಯೂ ಗಟ್ಟಿಯಾಗಿಯೂ ಇರುವ ದನಿ ಅವರದು. ಪೇಟಿ, ಅಂದರೆ ಹಾರ್ಮೋನಿಯಂ, ಕಾಕಾನದು, ಬಾರಿಸುವ ಡಗ್ಗಾ ಅವನ ತಮ್ಮನದು. ಉಳಿದ ನಮ್ಮೆಲ್ಲರ ಕೈಯಲ್ಲಿ ತಾಳ. ಈ ಶ್ರಾವಣದಲ್ಲಿ ನಾವು 17 ಜನ ನಾಲ್ಕು ದಿನ ಊರು ಬಿಟ್ಟು ಹಾಡಲು ಹೋಗಿದ್ದೆವು.

ಮೊದಲ ದಿನ, ಸೋಮವಾರ

ಬೆಳಗಿನ ಆರೂವರೆಗೆ ಟೆಂಪೊ ಮೊದಲು ನಿಂತದ್ದು ನಮ್ಮ ಮನೆಯ ಮುಂದೆ. ಅದರ ಚಾಲಕ ನಮ್ಮ ಸೆಕ್ಟರಿನವನೇ. ಇಪ್ಪತ್ತೆರಡರ ಹುಡುಗ, ಮುಳುಗಡೆಯಾದ ಮೇಲೆ ಹುಟ್ಟಿದವನು.

ಮುಳುಗಡೆ ಎಂದರೆ ಏನೆಂದು ಬಾಗಲಕೋಟೆಯಲ್ಲಿ ಯಾರೂ ಯಾರಿಗೂ ವಿವರಿಸುವುದಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಏರಿ ಬಂದು ನಮ್ಮ ಊರಿನ ತಗ್ಗಿನ ಓಣಿಗಳನ್ನು ತೆಗೆದುಕೊಂಡಿತು. ಗೋಡೆಗೆ ಗೋಡೆ ಹತ್ತಿಕೊಂಡು ಬಾಳಿದವರು ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದೆವು. ಹಳೆಯ ಓಣಿಯಲ್ಲಿ ಪ್ರತಿ ಸೋಮವಾರ ರಾತ್ರಿ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಭಜನೆ ಇರುತ್ತಿತ್ತು. ಕಟ್ಟೆಗೆ ಬಾರದವರು ಒಳಗೆ ರೊಟ್ಟಿ ಬಡಿಯುತ್ತಲೇ ಹಿಂದೆ ಹಿಡಿಯುತ್ತಿದ್ದರು. ಅಷ್ಟು ಒತ್ತಾಗಿದ್ದವು ಮನೆಗಳು. ಹೊಸ ಊರಿನಲ್ಲಿ ಬೀದಿ ಅಗಲ, ಅಂಗಳ ಅಗಲ, ದನಿ ಮುಟ್ಟುವುದಿಲ್ಲ. ಹಲವು ವರ್ಷ ಭಜನೆ ನಿಂತೇಹೋಗಿತ್ತು. ಕೊನೆಗೆ ದೊಡ್ಡಕ್ಕ ಒಂದು ದಿನ ಆಟೊ ಮಾಡಿಕೊಂಡು ಸೆಕ್ಟರಿನಿಂದ ಸೆಕ್ಟರಿಗೆ ಅಲೆದು, ಹಳೆಯ ಓಣಿಯವರ ಬಾಗಿಲು ತಟ್ಟಿ, "ಸೋಮವಾರ ನಮ್ಮ ಮನೆಗೆ ಬರಬೇಕು, ತಾಳ ಇದ್ದರೆ ತರಬೇಕು" ಎಂದು ಹೇಳಿ ಬಂದರು. ಅಂದಿನಿಂದ ಮಂಡಳಿ ನಡೆದಿದೆ. ಹೆಸರಿಲ್ಲ, ನೋಂದಣಿಯಿಲ್ಲ. ಕುಬಸಕ್ಕೆ ಕರೆದರೆ ಕುಬಸಕ್ಕೆ, ತೊಟ್ಟಿಲಿಗೆ ಕರೆದರೆ ತೊಟ್ಟಿಲಿಗೆ, ಮಣ್ಣಿಗೆ ಕರೆದರೆ ಮಣ್ಣಿಗೂ ಹೋಗಿ ಹಾಡುತ್ತೇವೆ.

ಟೆಂಪೊ ಹತ್ತುವಾಗ ದೊಡ್ಡಕ್ಕನದೊಂದು ಪದ್ಧತಿಯಿದೆ. ತಾವು ಹತ್ತಿ ಕೂತ ಕೂಡಲೇ ಪದ ಶುರು ಮಾಡುತ್ತಾರೆ. ಮುಂದಿನ ಸೆಕ್ಟರಿನಲ್ಲಿ ಹತ್ತುವವರು ಚೀಲ ಇಡುವ ಮೊದಲೇ ಹಿಂದೆ ಹಿಡಿಯಬೇಕು. ಅಂದು ಅವರೊಂದಿಗೆ ನನ್ನ ಒಂದೇ ದನಿಯಿಂದ ಶುರುವಾದದ್ದು ನವನಗರ ದಾಟುವಷ್ಟರಲ್ಲಿ 17 ದನಿಗಳಾಯಿತು. ಹೆಂಗಸರೆಲ್ಲ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಬಣ್ಣ ಒಂದೇ ಇರಲಿ ಎಂದು ಯಾರೋ ಹೇಳಿದ್ದಕ್ಕೆ ದೊಡ್ಡಕ್ಕ ಒಪ್ಪಿರಲಿಲ್ಲ: "ಓಣಿಯ ಮನೆಗಳಿಗೆ ಒಂದೇ ಬಣ್ಣ ಇತ್ತೇನು?"

ಕೂಡಲಸಂಗಮ ತಲುಪಿದಾಗ ಮೋಡ ತಗ್ಗಿತ್ತು. ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುವ ಜಾಗ. ನಾರಾಯಣಪುರದ ಹಿನ್ನೀರು ಇಲ್ಲಿಯೂ ನಿಂತಿದೆ. ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತ ದುಂಡಗೆ ಗೋಡೆ ಎತ್ತಿ ಕಾದಿದ್ದಾರೆ. ನೀರಿನ ಮೇಲಿನ ಸೇತುವೆಯಲ್ಲಿ ನಡೆದು, ಬಾವಿಯಂಥ ಆ ಗೋಡೆಯೊಳಗೆ ಮೆಟ್ಟಿಲು ಇಳಿದು ಹೋಗಬೇಕು. ಹೊರಗೆ ನೀರು ನಮ್ಮ ತಲೆಗಿಂತ ಮೇಲಿದೆ ಎಂಬುದು ಇಳಿಯುವಾಗ ಮೈಗೆ ತಿಳಿಯುತ್ತದೆ. ನಮ್ಮ ಕಟ್ಟೆಗೂ ಹೀಗೊಂದು ಗೋಡೆ ಇದ್ದಿದ್ದರೆ ಎಂದು ನನಗೆ ಅನ್ನಿಸಿತು. ಕೆಳಗೆ ಯಾರೂ ಹಾಡಲಿಲ್ಲ.

ಹಾಡಿದ್ದು ಸಂಜೆ, ಸಂಗಮನಾಥನ ಗುಡಿಯ ಅಂಗಳದಲ್ಲಿ, ದಾಸೋಹದ ಊಟ ಮುಗಿದ ಮೇಲೆ. ಯಾರೋ ಧ್ವನಿವರ್ಧಕ ತಂದು ದೊಡ್ಡಕ್ಕನ ಮುಂದೆ ಇಟ್ಟರು. ಅವರು ಕೈಮುಗಿದು ತೆಗೆಸಿದರು. ಇದು ನನಗೂ ಸರಿ ಎನಿಸುತ್ತದೆ. ಸೊಲ್ಲು ಹೇಳುವವರ ಬಾಯಿಗೆ ಮೈಕ್ ಹಿಡಿದರೆ ಹಿಂದೆ ಹಿಡಿಯುವವರ ದನಿ ಅದರ ಕೆಳಗೆ ಬೀಳುತ್ತದೆ. ಎದುರಿಗೆ ಕೂತವರು ಬರೀ ಕೇಳುವವರಾಗುತ್ತಾರೆ. ಮೈಕ್ ಇಲ್ಲದಿದ್ದರೆ ಅವರು ಕೇಳಿಸಿಕೊಳ್ಳಲು ಹತ್ತಿರ ಸರಿಯುತ್ತಾರೆ, ಹತ್ತಿರ ಸರಿದವರು ಎರಡನೆಯ ನುಡಿಗೆ ಹಾಡುತ್ತಾರೆ. ಅಂದು ಹಾಗೆಯೇ ಆಯಿತು. ಪಾದಯಾತ್ರೆಯಲ್ಲಿ ಬಂದಿದ್ದ ಗಂಡಸರ ಗುಂಪೊಂದು ತಮ್ಮ ಕೆಳದನಿಯಲ್ಲಿ ಸೇರಿಕೊಂಡಿತು. ಪೇಟಿಯಲ್ಲಿ ಬೆರಳಿನಿಂದ ಒತ್ತುವ ಪಟ್ಟಿಗೆ ಮನೆ ಎನ್ನುತ್ತೇವೆ. ಹೆಂಗಸರ ದನಿಗೆ ಐದನೆಯ ಕಪ್ಪು ಮನೆ, ಗಂಡಸರಿಗೆ ಮೊದಲನೆಯ ಕಪ್ಪು ಮನೆ ಎಂಬುದು ಪೇಟಿಯವರ ಸಾಮಾನ್ಯ ಲೆಕ್ಕ. ಕಾಕಾ ಆ ಗಂಡಸರ ಮುಖ ನೋಡಿ, ಪದದ ನಡುವೆಯೇ ಬೆರಳು ಸರಿಸಿ, ಇಬ್ಬರಿಗೂ ಒಗ್ಗುವ ಮನೆಗೆ ತಂದ.

ಬಸವಣ್ಣನವರ ವಚನಗಳೆಲ್ಲ ಕೂಡಲಸಂಗಮದೇವಾ ಎಂಬ ಅಂಕಿತದಲ್ಲಿ ನಿಲ್ಲುತ್ತವೆ. ನವನಗರದಲ್ಲಿ ಕೂತು ಎಷ್ಟು ಸಾವಿರ ಸಲ ಆ ಮಾತನ್ನು ಹಾಡಿದ್ದೇವೋ. ಅಲ್ಲಿ ಅದು ದೂರದವರನ್ನು ಕೂಗಿದ ಹಾಗೆ. ಇಲ್ಲಿ ಅಂಕಿತ ಬಂದಾಗ ದೊಡ್ಡಕ್ಕ ದನಿ ಇಳಿಸಿ, ಗುಡಿಯ ಬಾಗಿಲಿನ ಕಡೆ ತಿರುಗಿ, ಒಳಗಿರುವವರನ್ನು ಹೊಸ್ತಿಲಲ್ಲಿ ನಿಂತು ಕರೆಯುವಂತೆ ಕರೆದರು. ಹಿಂದೆ ಹಿಡಿಯಲು ನಮಗೆ ಗಂಟಲು ಬರಲಿಲ್ಲ. ಪಾದಯಾತ್ರೆಯ ಗಂಡಸರೇ ಹಿಡಿದರು.

ಎರಡನೆಯ ದಿನ, ಮಂಗಳವಾರ

ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ಆಲಮಟ್ಟಿಗೆ ತಿರುಗಿದೆವು. ಹುಡುಗರಿಗೆ ಉದ್ಯಾನ ನೋಡಬೇಕಿತ್ತು. ಹಿರಿಯರು ಅಣೆಕಟ್ಟನ್ನು ನೋಡಿದರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು, ಜಲಾಶಯಕ್ಕೆ ಅವರದೇ ಹೆಸರು. ತುಂಬು ಮಟ್ಟ 519.60 ಮೀಟರ್. ಬೇರೆ ಊರಿನವರಿಗೆ ಇದು ಪತ್ರಿಕೆಯಲ್ಲಿ ಬರುವ ಒಂದು ಅಂಕಿ. ನಮ್ಮ ಓಣಿಯವರಿಗೆ ಮನೆಯ ಬಾಗಿಲಿನ ಅಳತೆ. ಗೇಟುಗಳಿಂದ ಬಿಟ್ಟ ನೀರು ಬಿಳಿ ಹತ್ತಿಯಂತೆ ಕುದಿಯುತ್ತಿತ್ತು. ಕಾಕಾ ಬಹಳ ಹೊತ್ತು ನಿಂತಿದ್ದು, "ನಮ್ಮ ಕಟ್ಟೆಯ ಮೇಲೆ ನಿಂತದ್ದೂ ಇದೇ ನೀರು" ಎಂದಷ್ಟೇ ಹೇಳಿ ಟೆಂಪೊ ಹತ್ತಿದ.

ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ದರ್ಶನ ಮುಗಿಸಿ, ಹತ್ತಿರದ ಹಳ್ಳಿಯೊಂದರಲ್ಲಿ ಭಜನೆಗೆ ಹೋದೆವು. ಕಾಕಾನ ಸೋದರಮಾವನ ಊರು ಅದು. ಮಧ್ಯಾಹ್ನದಿಂದ ಮಳೆ ಹನಿಯುತ್ತಲೇ ಇತ್ತು. ಗುಡಿಯಲ್ಲಿ ಪೇಟಿ ತೆಗೆದರೆ ನಡುವಿನ ಒಂದು ಬಿಳಿಯ ಮನೆ ಮಾತಾಡಲೇ ಇಲ್ಲ. ಒತ್ತಿದರೆ ಗಾಳಿ ಮಾತ್ರ ಸುಯ್ಯೆನ್ನುತ್ತಿತ್ತು.

ಪೇಟಿಯ ಒಳಗನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಕಾಕಾ ಮೇಲಿನ ಹಲಗೆ ಬಿಚ್ಚಿ, ಮೊಳೆಗಳನ್ನು ನನ್ನ ಅಂಗೈಯಲ್ಲಿ ಇಟ್ಟು, ಸ್ವರಗಳ ಪಟ್ಟಿಯನ್ನು ಹೊರಗೆ ತೆಗೆದ. ಸಾಲಾಗಿ ಹಿತ್ತಾಳೆಯ ನಾಲಿಗೆಗಳು. ಕೆಳದನಿಯದು ಉದ್ದ, ಮೇಲೆ ಹೋದಂತೆ ಗಿಡ್ಡ, ಕೊನೆಯದು ಉಗುರಿನಷ್ಟು. ಪ್ರತಿಯೊಂದೂ ತನ್ನದೇ ಸೀಳಿನಲ್ಲಿ ಎಲ್ಲಿಯೂ ತಾಗದೆ ಆಡಬೇಕು. ಮೂಕಾದ ನಾಲಿಗೆಯ ಅಂಚಿನಲ್ಲಿ ಕಂಡೂ ಕಾಣದಷ್ಟು ಧೂಳು ತೇವಕ್ಕೆ ಹತ್ತಿಕೊಂಡಿತ್ತು. ನನ್ನ ಹಾಡಿನ ವಹಿಯ ಮೂಲೆಯೊಂದನ್ನು ಹರಿದು, ಮಡಚಿ, ನಾಲಿಗೆಯ ಕೆಳಗೆ ತೂರಿಸಿ ಮೆಲ್ಲಗೆ ಎಳೆದ. ಆಮೇಲೆ ಬೆರಳ ತುದಿಯಿಂದ ಒಮ್ಮೆ ಮೀಟಿದ. ಟಿಣ್ ಎಂದಿತು. "ಕಂಠಕ್ಕೆ ಏನೂ ಆಗಿರಲಿಲ್ಲ ತಂಗಿ, ಸುತ್ತ ಜಾಗ ಇರಲಿಲ್ಲ ಅಷ್ಟೇ" ಎಂದ.

ಅಷ್ಟರಲ್ಲಿ ದೊಡ್ಡಕ್ಕ ಪೇಟಿಗೆ ಕಾಯದೆ ಎರಡು ಪದ ಹಾಡಿ ಮುಗಿಸಿದ್ದರು.

ಭಜನೆಯ ನಡುವೆ ಚಹಾ ಬಂದಾಗ ಹಳ್ಳಿಯ ಮುದುಕರೊಬ್ಬರು ನಾವು ಎಲ್ಲಿಯವರೆಂದು ಕೇಳಿದರು. ಬಾಗಲಕೋಟೆ, ಮುಳುಗಡೆಯವರು ಎಂದೆವು. ಅವರು ಮಾತಾಡಲಿಲ್ಲ. ಭಜನೆ ಮುಗಿಯುವ ಹೊತ್ತಿಗೆ ಒಂದು ಚೀಲ ಗೋವಿನಜೋಳದ ಹಸಿ ತೆನೆ ಹೊರಿಸಿಕೊಂಡು ಬಂದು ಟೆಂಪೊದಲ್ಲಿ ಇಡಿಸಿದರು. ಬೇಡವೆಂದರೆ ಕೇಳಲಿಲ್ಲ. "ನನ್ನ ಹೊಲ ಮೊದಲು ಮಳೆಯನ್ನೇ ನಂಬಿತ್ತು. ಈಗ ಕಾಲುವೆ ಬಂದಿದೆ. ನೀವು ಬಿಟ್ಟುಕೊಟ್ಟ ಓಣಿಯ ಮೇಲೆ ನಿಂತ ನೀರೇ ಅಲ್ಲವೇ ಅದು? ಇಷ್ಟು ವರ್ಷ ಯಾರಿಗೆ ಕೊಡಬೇಕು ಎಂದು ಗೊತ್ತಿರಲಿಲ್ಲ" ಎಂದರು. ದೊಡ್ಡಕ್ಕ ಅವರ ಎರಡೂ ಕೈ ಹಿಡಿದುಕೊಂಡು ನಿಂತರು. ಆ ರಾತ್ರಿ ಕೆಂಡದ ಮೇಲೆ ಸುಟ್ಟ ತೆನೆ ತಿನ್ನುವಾಗ ನಮ್ಮಲ್ಲಿ ಮಾತು ಕಡಿಮೆಯಿತ್ತು.

ಮೂರನೆಯ ದಿನ, ಬುಧವಾರ

ಗೋಳಗುಮ್ಮಟವನ್ನು ಶಾಲೆಯ ಪ್ರವಾಸದಲ್ಲಿ ನೋಡದವರು ನಮ್ಮ ಸೀಮೆಯಲ್ಲಿ ಕಡಿಮೆ. ಎಲ್ಲರೂ ಕೂಗಿ ಬಂದವರೇ. ಹಾಡಲು ಹೋದದ್ದು ಇದೇ ಮೊದಲು. ಜನ ಸೇರಿದ ಮೇಲೆ ಅಲ್ಲಿ ಕಿರಿಚಾಟ ಬಿಟ್ಟು ಬೇರೇನೂ ಕೇಳಿಸುವುದಿಲ್ಲವೆಂದು ಬೆಳಗಿನ ಬಾಗಿಲು ತೆರೆಯುವ ಹೊತ್ತಿಗೇ ನಿಂತಿದ್ದೆವು. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಕಡಿದು, ಇಕ್ಕಟ್ಟು. ದೊಡ್ಡಕ್ಕ ಪ್ರತಿ ಅಂತಸ್ತಿನ ಕಿಂಡಿಯಲ್ಲಿ ಕೂತು ದಣಿವಾರಿಸಿಕೊಂಡು ಏಳು ಅಂತಸ್ತು ಹತ್ತಿದರು.

ಮಹಮ್ಮದ್ ಆದಿಲ್ ಶಾಹಿಯ ಗೋರಿ ಇದು. ಅವನು ತೀರಿಕೊಂಡದ್ದು 1656ರಲ್ಲಿ. ಗುಮ್ಮಟದ ಹೊರ ಅಡ್ಡಳತೆ 44 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ಗುಮ್ಮಟ ಏಳುವ ಮಟ್ಟದಲ್ಲಿ ಒಳಗೆ ಸುತ್ತಲೂ ಓಣಿಯಂತೆ ಹಾಯ್ದಿರುವುದೇ ಪಿಸುಗುಟ್ಟುವ ಗ್ಯಾಲರಿ. ದನಿ ಏಳು ಸಲ ಮರಳುತ್ತದೆ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು.

ಮೊದಲು ನಾವು ತಪ್ಪು ಮಾಡಿದೆವು. ತಾಳ ಹಾಕಿ ನಡುಲಯದಲ್ಲಿ ಪದ ಎತ್ತಿಕೊಂಡೆವು. ಒಂದು ನುಡಿ ಮುಗಿಯುವುದರಲ್ಲಿ ಎಲ್ಲ ಕಲಸಿಹೋಯಿತು. ಒಂದು ತಾಳದ ಪೆಟ್ಟು ಮರಳಿ ಬರುವಾಗ ಮುಂದಿನ ಪೆಟ್ಟು ಹೊರಟಿರುತ್ತದೆ, ಮರಳಿದ್ದರ ಮರಳುವಿಕೆ ಮೂರನೆಯದರ ಮೇಲೆ ಬೀಳುತ್ತದೆ. ಯಾವುದು ನಮ್ಮ ದನಿ, ಯಾವುದು ಗೋಡೆಯ ದನಿ ಎಂದು ತಿಳಿಯದೆ ಒಬ್ಬೊಬ್ಬರಾಗಿ ನಿಲ್ಲಿಸಿದೆವು. ಕಾವಲುಗಾರರು ದೂರದಿಂದ ನೋಡುತ್ತಿದ್ದರು.

ದೊಡ್ಡಕ್ಕ ಎಲ್ಲರ ತಾಳಗಳನ್ನೂ ಚೀಲಕ್ಕೆ ಹಾಕಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಒಂದೇ ಸ್ವರ, ಸ, ಉದ್ದಕ್ಕೆ ಹಿಡಿದು ಬಿಟ್ಟರು. ಅದು ಸುತ್ತುತ್ತಾ ಆರುವ ಮೊದಲೇ ಅದರ ಮೇಲೆ ಪ ಇಟ್ಟರು. ಎರಡೂ ಕೂಡಿ ಗುಮ್ಮಟದಲ್ಲಿ ನಿಂತವು. ಅವುಗಳ ಮೇಲೆ ಮೇಲಿನ ಸ. ಒಬ್ಬರೇ ಹಾಡುತ್ತಿದ್ದರು, ಕೇಳಿಸುತ್ತಿದ್ದದ್ದು ಹಲವರು. ಸರಿಯಾದ ಸ್ವರವನ್ನು ಗೋಡೆ ತುಂಬಿಕೊಡುತ್ತಿತ್ತು. ಒಂದು ಎಳೆಯಷ್ಟು ತಪ್ಪಿದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಹಿಂತಿರುಗಿಸುತ್ತಿತ್ತು. ಹಿಂದೆ ಹಿಡಿಯುವ ಕೆಲಸ ಇದು ಎಂದು ನನಗೆ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ. ಗುಮ್ಮಟ ತನ್ನದೇನನ್ನೂ ಸೇರಿಸುವುದಿಲ್ಲ, ಬಂದದ್ದನ್ನು ಬೀಳಗೊಡುವುದೂ ಇಲ್ಲ.

ಇಳಿಯುವ ಮೊದಲು ದೊಡ್ಡಕ್ಕ ನನ್ನನ್ನು ಎದುರಿನ ಬದಿಗೆ ಕಳಿಸಿದರು. ನಡುವೆ ಹತ್ತಿರ ಹತ್ತಿರ 38 ಮೀಟರ್ ಬಯಲು, ಕೆಳಗೆ ಗೋರಿಗಳ ಕಟ್ಟೆ. ಅವರು ಗೋಡೆಗೆ ಮುಖ ಮಾಡಿ ಕೂತದ್ದು ಚಿಕ್ಕದಾಗಿ ಕಾಣುತ್ತಿತ್ತು. ನಾನು ಗೋಡೆಗೆ ಕಿವಿ ಹಚ್ಚಿದೆ. ದೊಡ್ಡಕ್ಕ ನಮ್ಮ ಸೋಮವಾರದ ಮೊದಲ ಪದದ ಸೊಲ್ಲನ್ನು ಹಾಡದೆ, ಬರೀ ಉಸಿರಿನಲ್ಲಿ ಹೇಳಿದರು. 14 ವರ್ಷ ಅವರ ಬೆನ್ನ ಹಿಂದೆ ಕೂತು ಕೇಳಿದ ಸೊಲ್ಲು ನನ್ನ ಒಬ್ಬಳ ಕಿವಿಯಲ್ಲಿ, ಅವರ ಬಾಯಿ ನನ್ನ ಕೆನ್ನೆಯ ಪಕ್ಕದಲ್ಲೇ ಇದ್ದಂತೆ ಬಂತು. ಕೊನೆಗೆ "ಕೇಳಿತೇನು ತಂಗಿ?" ಎಂದರು. ಕೇಳಿತು ಅಕ್ಕ ಎಂದು ನಾನೂ ಗೋಡೆಗೇ ಹೇಳಿದೆ.

ಮಧ್ಯಾಹ್ನ ಇಬ್ರಾಹಿಂ ರೋಜಾಕ್ಕೆ ಹೋದೆವು. ಅಲ್ಲಿರುವ ಎರಡನೆಯ ಇಬ್ರಾಹಿಂ ಆದಿಲ್ ಶಾಹಿ ಮಹಮ್ಮದನ ತಂದೆ, 1580ರಿಂದ 1627ರವರೆಗೆ ಆಳಿದವನು. ರಾಗಗಳಿಗೆ ಹೊಂದಿಸಿ ದಖನಿಯಲ್ಲಿ ತಾನೇ ಹಾಡುಗಳನ್ನು ಕಟ್ಟಿ ಕಿತಾಬ್-ಎ-ನವರಸ ಮಾಡಿದವನು. ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ್ದಾನೆ. ಅವನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿತ್ತು ಎಂದು ನಾನು ಓದಿದ್ದನ್ನು ಹೇಳಿದಾಗ ಕಾಕಾಗೆ ಬಹಳ ಹಿಡಿಸಿತು. ಸಂಜೆಯವರೆಗೂ ತನ್ನ ಪೇಟಿಗೆ ಹೆಸರು ಹುಡುಕುತ್ತಿದ್ದ.

ಸಂಜೆ ತೊಟ್ಟಿಲ ಕಾರ್ಯ. ಡಗ್ಗಾ ಬಾರಿಸುವವರ ಸೊಸೆಯ ತವರುಮನೆ ವಿಜಯಪುರ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನಕ್ಕೇ ನಮ್ಮ ಪ್ರವಾಸವನ್ನು ಹೊಂದಿಸಿದ್ದೆವು. ಬೀಗರು ಬಾಗಿಲಲ್ಲಿ ನೀರು ಕೊಟ್ಟು ಕರೆದುಕೊಂಡರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಗುಗ್ಗರಿ ಹಂಚಿದರು. ನಾವು ಜೋಗುಳ ಹಾಡಿದೆವು, ಚೆನ್ನಾಗಿಯೇ ಹಾಡಿದೆವು.

ಆದರೆ ಆ ಸಂಜೆ ಉಳಿದದ್ದು ಬೀಗರ ಮನೆಯ ಆಯಿಯಿಂದ. ಎಂಬತ್ತರ ಮೇಲಾಗಿದೆ, ಹಲಸಂಗಿಯ ಕಡೆಯವರು. ಜನಪದ ಹಾಡುಗಳ ವಿಷಯ ಗೊತ್ತಿರುವವರಿಗೆ ಆ ಊರು ಸಾಮಾನ್ಯ ಊರಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಗರತಿಯ ಹಾಡು ಎಂದು ಅಚ್ಚು ಹಾಕಿಸಿದರು. ಆಯಿ ಗೋಡೆಗೆ ಒರಗಿ ನಮ್ಮ ಜೋಗುಳ ಕೇಳಿ, "ಪೇಟಿ ಸಾಕು ಮಾಡಿರಿ, ನಾನೊಂದು ಹೇಳುತ್ತೇನೆ. ಯಾರಾದರೂ ಹಿಂದೆ ಹಿಡಿಯಿರಿ. ನನ್ನ ನೆಗೆಣ್ಣಿ ಹೋದ ಮೇಲೆ ಹಿಡಿಯುವವರು ಇಲ್ಲದೆ ಬಿಟ್ಟುಬಿಟ್ಟಿದ್ದೇನೆ" ಎಂದರು. ದೊಡ್ಡಕ್ಕ ನನ್ನನ್ನು ಮುಂದಕ್ಕೆ ತಳ್ಳಿದರು.

ಆಯಿ ನನ್ನನ್ನು ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿಕೊಂಡರು. ನಡುವೆ ಕಲ್ಲು ಇಲ್ಲ, ಆದರೂ ಬಲಗೈ ಗೂಟ ಹಿಡಿದಂತೆ ಮುಷ್ಟಿ ಕಟ್ಟಿ ಸುತ್ತತೊಡಗಿತು. ತ್ರಿಪದಿಗೆ ಇರುವುದು ಮೂರೇ ಸಾಲು. ಹಾಡುವಾಗ ಎರಡನೆಯ ಸಾಲು ಮರಳಿ ಬರುತ್ತದೆ, ಹಾಡು ಅಲ್ಲಿ ಒಂದು ಸುತ್ತು ಹೆಚ್ಚು ತಿರುಗುತ್ತದೆ. ಆ ಮರಳುವ ಸಾಲೇ ನನ್ನದು. ನಾನು ಅದನ್ನು ಹಿಡಿದಿರುವಷ್ಟು ಹೊತ್ತು ಅವರು ಉಸಿರು ತೆಗೆದುಕೊಂಡು ಮೂರನೆಯ ಸಾಲನ್ನು ನೆನಪಿಸಿಕೊಳ್ಳುತ್ತಿದ್ದರು. ಎರಡು ಸಲ ನಾನು ಬೇಗ ಬಿಟ್ಟೆ, ಎರಡು ಸಲವೂ ಅವರಿಗೆ ಮುಂದಿನದು ಸಿಕ್ಕಲಿಲ್ಲ. ಎಳೆದು ಹಿಡಿದೆ, ಸಿಕ್ಕಿತು. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ಇದೇ ತ್ರಿಪದಿಯನ್ನು ಸುಮಾರು 700ರ ಹೊತ್ತಿಗೆ ಕೆತ್ತಿದ್ದಾರೆ. ಕಲ್ಲಿನ ಮೇಲಿರುವ ಅದಕ್ಕೆ ಹಿಂದೆ ಹಿಡಿಯುವವರು ಬೇಕಿಲ್ಲ. ಆಯಿಯ ಎದೆಯಲ್ಲಿದ್ದದ್ದಕ್ಕೆ ಬೇಕಿತ್ತು. ಒಂಬತ್ತು ತ್ರಿಪದಿ ಬಂದವು. ತವರು, ಅಣ್ಣ, ಹಾದಿಯ ಬಾರಿ ಗಿಡ. ಕೂಸು ಯಾವಾಗಲೋ ಮಲಗಿತ್ತು. ಒಂಬತ್ತನೆಯದು ಮುಗಿದಾಗ ಆಯಿ ಮುಷ್ಟಿ ಬಿಚ್ಚಿ, "ಹಿಟ್ಟು ಆಯಿತು" ಎಂದರು.

ನಾಲ್ಕನೆಯ ದಿನ, ಗುರುವಾರ

ಕೊಲ್ಹಾರದ ದಾರಿಯಿಂದ ಮರಳಿದೆವು. ಅಲ್ಲಿ ಮಣ್ಣಿನ ಗಡಿಗೆಯ ಮೊಸರು ಕೊಂಡು, ಬೀಗರು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆ ಹಾಯುವಾಗ ಎರಡೂ ಬದಿಗೆ ನೀರೇ ನೀರು, ಎಲ್ಲರೂ ಸುಮ್ಮನಿದ್ದೆವು.

ಗದ್ದನಕೇರಿ ಕ್ರಾಸ್ ದಾಟಿದಾಗ ದೀಪ ಹತ್ತಿದ್ದವು. ದೊಡ್ಡಕ್ಕ ಸೋಮವಾರದ ಮೊದಲ ಪದವನ್ನೇ ಎತ್ತಿಕೊಂಡರು. ಹತ್ತುವಾಗಿನ ಪದ್ಧತಿಯೇ ಇಳಿಯುವಾಗಲೂ: ಪದ ನಿಲ್ಲಬಾರದು, ಇಳಿಯುವವರು ಇಳಿಯುತ್ತಾ ಹಾಡಬೇಕು. ಮೊದಲ ಸೆಕ್ಟರಿನಲ್ಲಿ ಮೂವರು ಇಳಿದರು. ಅವರ ದನಿ ಗೇಟಿನವರೆಗೆ ಕೇಳಿ ನಿಂತಿತು. ಮುಂದಿನದರಲ್ಲಿ ಅಣ್ಣತಮ್ಮಂದಿರು ಪೇಟಿ, ಡಗ್ಗಾ ಹೊತ್ತು ಇಳಿದರು. ಆಮೇಲೆ ಇಬ್ಬರು, ನಾಲ್ವರು, ಹೀಗೆ. ದನಿಗಳು ಕಳಚಿದಂತೆ ಉಳಿದವರು ಇನ್ನಷ್ಟು ದನಿ ಬಿಟ್ಟು ಹಾಡಬೇಕಾಗುತ್ತಿತ್ತು. ಕೊನೆಗೆ ದೊಡ್ಡಕ್ಕ, ನಾನು. ಅವರು ಸೊಲ್ಲು ಹೇಳುತ್ತಿದ್ದರು, ನಾನೊಬ್ಬಳೇ ಹಿಂದೆ ಹಿಡಿಯುತ್ತಿದ್ದೆ.

ಅವರ ಮನೆ ಬಂತು. ಮೊಮ್ಮಗ ಬಂದು ಚೀಲ ತೆಗೆದುಕೊಂಡ. ದೊಡ್ಡಕ್ಕ ಒಂದು ಕಾಲು ನೆಲಕ್ಕಿಟ್ಟು, ಆ ನುಡಿ ಮುಗಿಸಿ, ನನ್ನ ಮುಖ ನೋಡಿ, "ಇನ್ನೂ ಎರಡು ನುಡಿ ಇವೆ" ಎಂದು ಇಳಿದುಹೋದರು.

ಟೆಂಪೊ ಹೊರಟಿತು. ನಮ್ಮ ಮನೆಗೆ ಇನ್ನು ಎರಡು ತಿರುವು. ನಾನು ಸೊಲ್ಲು ಹೇಳಿದೆ. ಕನ್ನಡಿಯಲ್ಲಿ ಕಂಡ ಹುಡುಗನ ತುಟಿ ಅಲುಗಿತು. ನಾಲ್ಕು ದಿನ ಏನೂ ಹಾಡದೆ ನಮ್ಮನ್ನು ಕರೆದುಕೊಂಡು ತಿರುಗಿದವನು ಗೇರು ಇಳಿಸಿ, ಗಂಟಲು ಸರಿಮಾಡಿಕೊಂಡು, ಹಿಂದೆ ಹಿಡಿದ.